ರೈಲಿನಿಂದ ಬಿದ್ದ ಗಾಯ: ಕೇಂದ್ರ ಸರ್ಕಾರದಿಂದ ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ (ಕಾಸರಗೋಡು):
ಮಂಗಳೂರಿನ ರೈಲಿನ ನೂಕುನುಗ್ಗಲಿನಲ್ಲಿ ಬಾಗಿಲಿನಿಂದ ಬಿದ್ದು ನನ್ನ ಮಾವನವರ ಕಾಲು ಮುರಿದು ಎಂಟು ತಿಂಗಳಾಯಿತು. ಟಿಕೆಟು ರಕ್ತಸಿಕ್ತ ಅಂಗಿಯ ಜೇಬಿನಲ್ಲೇ ಹೋಯಿತು. ದಾವೆಗೆ ಮೊದಲು ಎರಡು ತಿಂಗಳ ನೋಟಿಸು ಕೊಡಲೇಬೇಕೇ?

ಉತ್ತರ 1:
ಆ ನೋಟಿಸು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸಿವಿಲ್ ದಾವೆಗೆ ಬೇಕಾದದ್ದು. ನಿಮ್ಮ ಅರ್ಜಿ ಹೋಗಬೇಕಾದುದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನ ಎರ್ನಾಕುಳಂ ಪೀಠಕ್ಕೆ; 1989ರ ರೈಲ್ವೆ ಕಾಯ್ದೆಯ 124ಎ ಕಲಮಿನಡಿ ಇಲಾಖೆಯ ತಪ್ಪನ್ನು ಸಾಬೀತುಪಡಿಸುವ ಹೊರೆ ನಿಮಗಿಲ್ಲ. ಅವಧಿ ಮಾತ್ರ ಅಪಘಾತದಿಂದ ಒಂದೇ ವರ್ಷ, ತಡಮಾಡಬೇಡಿ.

ಉತ್ತರ 2:
ಟಿಕೆಟು ಸಿಗದ ಮಾತ್ರಕ್ಕೆ ಹಕ್ಕು ತಪ್ಪದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ, ಅಫಿಡವಿಟ್ ಸಲ್ಲಿಸಿ. ಮಲಯಾಳದ ಮಹಜರನ್ನು ಬಲ್ಲವರಿಂದ ಓದಿಸಿಕೊಳ್ಳಿ: ನನ್ನ ಅಣ್ಣನದರಲ್ಲಿ ‘ಹಳಿ ದಾಟುವಾಗ’ ಎಂದಿತ್ತು, ಅದೊಂದು ಮಾತಿಗೆ ನಾವು ಬಹಳ ಅಲೆದೆವು.

ಪ್ರಶ್ನಿಸಿದವರು:
ಮಹಜರಿನ ಪ್ರತಿಯನ್ನು ನಾಳೆಯೇ ಕೇಳುತ್ತೇನೆ.