ನೆರೆ ಸಾಮಾನು: ಹಂಚೋದಷ್ಟೇ ನಮ್ಮ ಪಾಲಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಲಿಂಗಸುಗೂರು ತಾಲ್ಲೂಕಿನ ಸಣ್ಣ ಮಹಿಳಾ ಸಂಘ. ಕೃಷ್ಣೆಗೆ ನೀರು ಬಂದಾಗೆಲ್ಲ ನಡುಗಡ್ಡೆ ಜನರಿಗೆ ಕೈಲಾದಷ್ಟು ಮಾಡುತ್ತೇವೆ. ಈಗ ಒಂದು ವಿದೇಶಿ ಸಂಸ್ಥೆಯವರು "ಸಾಮಾನು ನಮ್ಮದು, ಹಂಚೋದು ನಿಮ್ಮದು" ಅನ್ನುತ್ತಿದ್ದಾರೆ. ಒಪ್ಪಬಹುದಾ?

ಉತ್ತರ: ಒಪ್ಪಿ ಮೇಡಂ. ಆದರೆ ಏನು ತರಬೇಕು, ಎಲ್ಲಿ ಇಡಬೇಕು ಅನ್ನೋ ಮಾತಿನಲ್ಲೂ ನೀವು ಇರಬೇಕು.

2009ರ ಅಕ್ಟೋಬರ್ ನೆರೆಯಲ್ಲಿ ನಾನು ರಾಯಚೂರಿನಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತಿದ್ದೆ. ದೂರದಿಂದ ಬ್ರೆಡ್, ಹಳೆ ಬಟ್ಟೆ ಬಂದವು. ಜನ ಕೇಳಿದ್ದು ಜೋಳದ ಹಿಟ್ಟು, ರೊಟ್ಟಿ ಹಂಚು, ಕೊಡ. ಲಾರಿ ಇಳಿಸುವ ಹಮಾಲಿ ಕೂಲಿ ಯಾರು ಕೊಡಬೇಕು ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಲಾರಿ ಎರಡು ದಿನ ಹಾಗೇ ನಿಂತಿತ್ತು, ಬ್ರೆಡ್ಡಿಗೆ ಬೂಸ್ಟು ಹಿಡಿಯಿತು. ಹೊರಗೆ ಮಕ್ಕಳು ಹಸಿದು ಕೂತಿದ್ದರು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಬೇಸಿಗೆಯಲ್ಲೇ ಕೂತು ಬರೆಸಿಕೊಳ್ಳಿ. ಹಮಾಲಿ, ಗೋದಾಮಿನ ಬಾಡಿಗೆ, ಟ್ರ್ಯಾಕ್ಟರ್ ಡೀಸೆಲ್, ನಿಮ್ಮ ಸಂಘದವರ ದಿನಗೂಲಿ. ಸೇವೆ ಅಂತ ಸುಮ್ನೆ ಬಿಡಬೇಡಿ, ಸಣ್ಣ ಸಂಘಗಳು ಸೋಲುವುದೇ ಇಲ್ಲಿ. ನಾರಾಯಣಪುರ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ನಡುಗಡ್ಡೆಗೆ ಹೋಗುವ ಶೀಲಹಳ್ಳಿ ಸೇತುವೆ ಮುಳುಗುತ್ತದೆ ಅಂತ ನಿಮಗೆ ಗೊತ್ತು. ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಮಳೆಗಾಲಕ್ಕೆ ಮೊದಲೇ ಸೇತುವೆಯಾಚೆ ಒಂದಿಷ್ಟು ದಾಸ್ತಾನು ಇಡಿಸಿ.

ಅಕ್ಕಿ, ಜೋಳ, ಬೇಳೆ ನಮ್ಮಲ್ಲೇ ಸಿಗುತ್ತವೆ. ಸಿಂಧನೂರು, ರಾಯಚೂರಿನ ವ್ಯಾಪಾರಿಗಳ ಜೊತೆ ಈಗಲೇ ದರ ಮಾತಾಡಿಸಿ. ತಾಡಪಾಲು, ನೀರು ಶುದ್ಧ ಮಾಡುವ ಮಾತ್ರೆ ವಿದೇಶಿ ಸಂಸ್ಥೆಯವರು ತರಲಿ. ಪಟ್ಟಿಯನ್ನು ಸ್ಫಿಯರ್ ಕೈಪಿಡಿಯ (ವಿಪತ್ತಿನಲ್ಲಿ ಜನರಿಗೆ ಕನಿಷ್ಠ ಎಷ್ಟು ನೆರವು ಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಪುಸ್ತಕ) ಲೆಕ್ಕದಲ್ಲಿ ಮಾಡಿ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಿಂಗಳಿಗೆ 250 ಗ್ರಾಂ ಮೈ ಸೋಪು, 200 ಗ್ರಾಂ ಬಟ್ಟೆ ಸೋಪು. ದೊಡ್ಡ ಸಂಸ್ಥೆಗಳು ಇದೇ ಲೆಕ್ಕ ಹಿಡಿಯುವುದರಿಂದ ವಾದ ಕಡಿಮೆಯಾಗುತ್ತದೆ.

ಪ್ರಶ್ನೆ: ಖರ್ಚಿನ ದುಡ್ಡು ನಮ್ಮ ಖಾತೆಗೇ ಹಾಕುತ್ತಾರಂತೆ. ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲ.

ಉತ್ತರ: ಬೇಡ ಮೇಡಂ, ಖಂಡಿತ ಬೇಡ. ನೋಂದಣಿ ಅಥವಾ ಕೇಂದ್ರ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ, ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಇಬ್ಬರಿಗೂ ನೋಂದಣಿ ಇದ್ದರೂ ಅಷ್ಟೇ. ಅಂಗಡಿ, ಗೋದಾಮು, ಟ್ರ್ಯಾಕ್ಟರ್‌ನವರ ಬಿಲ್ಲನ್ನು ಆ ಸಂಸ್ಥೆಯವರೇ ನೇರವಾಗಿ ಕಟ್ಟಲಿ. ಸಾಮಾನನ್ನೂ ನಿಮ್ಮ ಸಂಘದ ಹೆಸರಿಗೆ ಬರೆಸಿಕೊಳ್ಳಬೇಡಿ. ಸಹಿ ಹಾಕುವ ಮೊದಲು ಕಾಗದವನ್ನು ನಿಮ್ಮ ಆಡಿಟರ್‌ಗೆ ತೋರಿಸಿ.

ಇನ್ನೊಂದು ವಿಷಯ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದಾನಿ ದೇಶಗಳು, ನೆರವು ಸಂಸ್ಥೆಗಳು ಒಂದು ಮಾತು ಕೊಟ್ಟವು. 2020ರೊಳಗೆ ಕನಿಷ್ಠ 25% ಹಣ ಆದಷ್ಟು ನೇರವಾಗಿ ಆಯಾ ದೇಶದ, ಊರಿನ ಸಂಸ್ಥೆಗಳಿಗೆ ಹೋಗಬೇಕು ಅಂತ. ಅದು ನೆರವೇರಲಿಲ್ಲ. ನಮ್ಮ ಕಾನೂನಿನಲ್ಲಿ ಹಣ ನಿಮ್ಮ ಕೈಗೆ ಬರದಿದ್ದರೂ, ತೀರ್ಮಾನದಲ್ಲಿ ನಿಮ್ಮ ಪಾಲು ಕೇಳೋದು ತಪ್ಪಲ್ಲ, ಅಲ್ವಾ?

ಪ್ರಶ್ನೆ: ಸರಿ ಸರ್. ಸೋಮವಾರದ ಸಭೆಗೆ ಹಮಾಲಿ, ಡೀಸೆಲ್ ಲೆಕ್ಕ ಬರೆದುಕೊಂಡೇ ಹೋಗುತ್ತೇವೆ.

ಉತ್ತರ: ದಾಸ್ತಾನು ಪುಸ್ತಕವನ್ನೂ ತೋರಿಸಿ. ಮತ್ತೆ, ಲಾರಿ ಇಳಿಸುವಾಗ ಎಣಿಸಿ. ಒದ್ದೆಯಾದ, ಹರಿದ ಚೀಲ ಎಷ್ಟು ಅಂತ ರಸೀದಿ ಮೇಲೇ ಬರೆದು, ಡ್ರೈವರ್ ಕೈಲೂ ಸಹಿ ಹಾಕಿಸಿ.