6 ವಾರದ ಪಾಪು ರಾತ್ರಿಯೆಲ್ಲ ಏಳ್ತಾ ಇದೆ, ಇದು ಗ್ರೋತ್ ಸ್ಪರ್ಟಾ (ಒಮ್ಮೆಗೇ ಜೋರಾಗಿ ಬೆಳೆಯೋ ಸಮಯ)? ತಿಳಿದವರು ಹೇಳಿ

ಪ್ರಶ್ನೆ, ಮಂಡ್ಯದಿಂದ:
ಬಾಣಂತನಕ್ಕೆ ತವರಿನಲ್ಲಿದ್ದೇನೆ. ಪಾಪುಗೆ 6 ವಾರ. ಒಂದೇ ಸಮ ಮೂರು ಗಂಟೆ ಮಲಗುತ್ತಿದ್ದವನು ಮೊನ್ನೆಯಿಂದ ಸಂಜೆಯಾದರೆ ಎದೆ ಬಿಡಲ್ಲ, ರಾತ್ರಿ ಗಂಟೆಗೊಂದು ಸಲ ಏಳ್ತಾನೆ. ಜ್ವರ ಇಲ್ಲ. ಹಾಲು ಸಾಲ್ತಿಲ್ಲ, ಮೇಲಿನ ಹಾಲು ಶುರು ಮಾಡು ಅಂತಾರೆ ಮನೆಯಲ್ಲಿ. ದೊಡ್ಡವಳಿಗೆ ಎರಡೂವರೆ ವರ್ಷ, ಅವಳೂ ರಾತ್ರಿ ಎದ್ದು ಅಳೋಕೆ ಶುರು ಮಾಡಿದ್ದಾಳೆ. ಇಬ್ಬರಿಗೂ ಒಂದೇ ಕಾರಣ ಇರಬಹುದಾ?

ಎದೆಹಾಲಿನ ಬಗ್ಗೆ ಸಲಹೆ ಕೊಡುವ ನರ್ಸ್, ಮೈಸೂರು:
ಚಿಕ್ಕವನದು ಬಹುಮಟ್ಟಿಗೆ ಗ್ರೋತ್ ಸ್ಪರ್ಟೇ. 2–3 ವಾರ, 6 ವಾರ, 3 ತಿಂಗಳು, 6 ತಿಂಗಳ ಆಸುಪಾಸಿನಲ್ಲಿ ಹೀಗಾಗೋದು ಸಾಮಾನ್ಯ. ಒಂದು ವಾರ ಹಿಂದೆ ಮುಂದೆ ಆಗಬಹುದು. ಎರಡು ಮೂರು ದಿನ ಇರುತ್ತೆ, ತಪ್ಪಿದರೆ ಒಂದು ವಾರ. ಜೊತೆಗೆ 6 ವಾರದ ಹೊತ್ತಿಗೆ ಬಹಳಷ್ಟು ಕೂಸುಗಳಿಗೆ ಸಂಜೆಯ ಅಳು ಜಾಸ್ತಿಯಾಗಿರುತ್ತೆ. ಎರಡೂ ಒಟ್ಟಿಗೆ ಬಂದು ತಾಯಿ ಕಂಗಾಲಾಗೋದು ಈ ವಾರದಲ್ಲೇ.

ಹಾಲು ಸಾಲ್ತಿದೆಯಾ ಅನ್ನೋದನ್ನ ಅಳು ನೋಡಿ ತೀರ್ಮಾನಿಸಬೇಡಿ, ಲಂಗೋಟಿ ನೋಡಿ. 24 ಗಂಟೆಯಲ್ಲಿ 6 ಸಲ ಅಥವಾ ಅದಕ್ಕಿಂತ ಹೆಚ್ಚು ಚೆನ್ನಾಗಿ ಒದ್ದೆಯಾಗಿ, ಮೂತ್ರ ತಿಳಿಯಾಗಿದ್ದರೆ ಸಾಲ್ತಿದೆ. ಡೈಪರ್ ಹಾಕಿದರೆ ಲೆಕ್ಕ ಸಿಗಲ್ಲ. ಒಂದು ದಿನ ಹಳೇ ಪಂಚೆಯ ಬಟ್ಟೆ ಕಟ್ಟಿ ಎಣಿಸಿ. ಎದೆ ಮೆತ್ತಗಾಗಿದೆ, ಮೊದಲಿನ ಹಾಗೆ ಸೋರಲ್ಲ ಅನ್ನೋದಕ್ಕೆ ಹೆದರಬೇಡಿ. ಈ ಹೊತ್ತಿಗೆ ಅದು ಸಹಜ.

ಮೇಲಿನ ಹಾಲು ಈಗ ಯಾಕೆ ಬೇಡ ಅಂದರೆ, ಎದೆ ಖಾಲಿಯಾದಷ್ಟೂ ಹಾಲು ಬೇಗ ತಯಾರಾಗುತ್ತೆ, ತುಂಬಿಕೊಂಡೇ ಇದ್ದರೆ ನಿಧಾನವಾಗುತ್ತೆ. ರಾತ್ರಿ 11ಕ್ಕೆ 60 ಮಿ.ಲೀ. ಬಾಟಲಿ ಕೊಟ್ಟರೆ ಪಾಪು ಮಲಗುತ್ತೆ, ಮನೆಯವರಿಗೆಲ್ಲ ಸಮಾಧಾನ. ಆದರೆ ಆ ಹೊತ್ತಿಗೆ ಖಾಲಿಯಾಗಬೇಕಿದ್ದ ಎದೆ ತುಂಬಿಯೇ ಉಳಿಯುತ್ತೆ. ದಿನಾ ಹೀಗೇ ಆದರೆ ಇಲ್ಲದ ಕೊರತೆ ನಿಜವಾಗಿಯೂ ಬರುತ್ತೆ. ಪಾಪು ಪದೇಪದೇ ಚೀಪೋದೇ ಹಾಲು ಹೆಚ್ಚಾಗೋ ದಾರಿ. ಎರಡು ಮೂರು ದಿನದಲ್ಲಿ ಸರಿಹೋಗುತ್ತೆ.

ಕೇಳಿದಾಗಲೆಲ್ಲ ಕೊಡಿ, ದಿನಕ್ಕೆ 12 ಸಲವಾದರೂ ಸರಿ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಒಳಗೆ ಹೋಗಬೇಕು. ಬರೀ ತೊಟ್ಟು ಚೀಪಿದರೆ ತಾಸುಗಟ್ಟಲೆ ಎದೆಯಲ್ಲಿದ್ದರೂ ಹೊಟ್ಟೆ ತುಂಬಲ್ಲ, ತೊಟ್ಟು ಬಿರಿಯುತ್ತೆ. ನುಂಗೋದು ನಿಂತಾಗ ಎದೆಯನ್ನ ಕೈಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಆಗಲೂ ನುಂಗದಿದ್ದರೆ ತೇಗಿಸಿ, ಇನ್ನೊಂದು ಕಡೆ ಕೊಡಿ. ಬಾಣಂತಿಗೆ ನೀರು ಕಮ್ಮಿ ಕೊಡೋ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಾಯಾರಿಕೆ ಆದಷ್ಟೂ ಕುಡಿಯಿರಿ. ರಾತ್ರಿ 2ಕ್ಕೆ ಎದ್ದಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇರಲಿ.

ಬಾಣಂತನ ಮಾಡಿಸುವವರು, ಶ್ರೀರಂಗಪಟ್ಟಣ:
ಮಗಳೇ, ಹಗಲನ್ನೂ ಸ್ವಲ್ಪ ನೋಡು. ಎಣ್ಣೆ ಹಚ್ಚಿ ಬಿಸಿನೀರು ಹಾಕಿದ ಮೇಲೆ ಕೂಸು ನಾಲ್ಕು ಗಂಟೆ ಮಲಗಿಬಿಟ್ಟರೆ ಹಗಲು ಕುಡಿಯಬೇಕಾದ ಹಾಲನ್ನ ರಾತ್ರಿ ಕುಡಿಯುತ್ತೆ. ಎರಡೂವರೆ, ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡು. ಸಾಂಬ್ರಾಣಿ ಹೊಗೆ ಬೇಡ. ಮೂಗು ಕಟ್ಟಿದರೆ ಉಸಿರೂ ಆಡಕ್ಕಾಗಲ್ಲ, ಹಾಲೂ ಕುಡಿಯಕ್ಕಾಗಲ್ಲ. ನಾಲೆ, ಗದ್ದೆ ಹತ್ತಿರದ ಮನೆಯಾದರೆ ಸಂಜೆ 5ಕ್ಕೇ ಕಿಟಕಿ ಹಾಕಿ, ಸೊಳ್ಳೆ ಪರದೆ ಕಟ್ಟು, ಬತ್ತಿ ಹಚ್ಚಬೇಡ. ಎಷ್ಟೋ ಸಲ ಬೆಳವಣಿಗೆ ಅಂದುಕೊಳ್ಳೋದು ಸೊಳ್ಳೆ, ಸೆಕೆ ಆಗಿರುತ್ತೆ. ಜೋಲಿಯಲ್ಲಿ ತೂಗಿ ಸಮಾಧಾನ ಮಾಡು, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸು. ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡ ಬರುತ್ತೆ. ನಿದ್ದೆ ಬರಲಿ ಅಂತ ಬಜೆ ತೇಯೋದು, ಗಸಗಸೆ, ಜೇನುತುಪ್ಪ ಯಾವುದೂ ಬೇಡ.

ಕೇಳಿದವರು:
ತೂಕ ನೋಡಿಸಿದರೆ ಗೊತ್ತಾಗುತ್ತಾ? ದಿನಾ ನೋಡಿಸಬೇಕಾ?

ಅಂಗನವಾಡಿ ಕಾರ್ಯಕರ್ತೆ, ಮದ್ದೂರು:
ದಿನಾ ಬೇಡ, ಒಂದು ಹಾಲು, ಒಂದು ಮೂತ್ರದ ಮೇಲೇ 50–100 ಗ್ರಾಂ ಆಚೀಚೆ ಆಗಿ ಸುಮ್ಮನೆ ಗಾಬರಿ. ವಾರಕ್ಕೊಮ್ಮೆ, ಅದೇ ತಕ್ಕಡಿ, ಬಟ್ಟೆ ಬಿಚ್ಚಿ. ಈ ವಯಸ್ಸಿಗೆ ದಿನಕ್ಕೆ 25–30 ಗ್ರಾಂ, ವಾರಕ್ಕೆ 150–200 ಗ್ರಾಂ ಬಂದರೆ ಚೆನ್ನಾಗಿದೆ. ತಾಯಿ ಕಾರ್ಡಿನ ಗೆರೆಯಲ್ಲಿ ಗುರುತು ಹಾಕಿಸಿ. ಒಂದು ಚುಕ್ಕೆಗಿಂತ ಗೆರೆ ಎತ್ತ ಹೋಗ್ತಿದೆ ಅನ್ನೋದು ಮುಖ್ಯ.

ಮಕ್ಕಳ ವೈದ್ಯರು, ಮೈಸೂರು:
ಮಕ್ಕಳು ದಿನಾ ಒಂದೇ ಸಮ ಉದ್ದವಾಗಲ್ಲ. ಅಮೆರಿಕದ ಸಂಶೋಧಕಿ ಮಿಷೆಲ್ ಲ್ಯಾಂಪಲ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದ ಪ್ರಕಾರ 2ರಿಂದ 63 ದಿನ ಏನೂ ಬೆಳೆಯದೆ ಇದ್ದು, ಆಮೇಲೆ ಅರ್ಧದಿಂದ ಎರಡೂವರೆ ಸೆಂ.ಮೀ. ಒಮ್ಮೆಗೇ ಬೆಳೆಯುತ್ತವೆ. 2011ರಲ್ಲಿ 23 ಕೂಸುಗಳ ನಿದ್ದೆ ಬರೆದಿಟ್ಟು ನೋಡಿದಾಗ, ಹೆಚ್ಚು ಹೊತ್ತು ಮಲಗಿದ, ಹೆಚ್ಚು ಸಲ ತೂಕಡಿಸಿದ ಒಂದೆರಡು ದಿನದೊಳಗೆ ಉದ್ದ ಹೆಚ್ಚಾಗುತ್ತಿತ್ತು. ಅಂದರೆ ಬೆಳೆಯೋ ಹೊತ್ತಲ್ಲಿ ನಿದ್ದೆ ಹೆಚ್ಚಾಗುತ್ತೆ. ರಾತ್ರಿ ಎಬ್ಬಿಸೋದು ಹಸಿವು. ಈ ಗಲಾಟೆಯ ನಂತರ ಪಾಪು ಒಂದು ದಿನ ಜಾಸ್ತಿ ಮಲಗಿದರೆ, ಎಬ್ಬಿಸಿದಾಗ ಚೆನ್ನಾಗಿ ಕುಡಿದರೆ, ಚಿಂತೆ ಬೇಡ.

ವಾರ ದಾಟಿದರೆ ಬೇರೆ ಕಾರಣ ಹುಡುಕಿ. 4 ತಿಂಗಳಲ್ಲಿ ಕೆಡೋ ನಿದ್ದೆ ಹಸಿವಿನದಲ್ಲ, ನಿದ್ದೆಯ ರೀತಿಯೇ ದೊಡ್ಡವರ ಹಾಗೆ ಬದಲಾಗೋ ಸಮಯ ಅದು. 8–10 ತಿಂಗಳಲ್ಲಿ ಅಮ್ಮ ಕಾಣದಿದ್ದರೆ ಭಯ.

ದೊಡ್ಡವಳದು ಬೆಳವಣಿಗೆಯ ಲೆಕ್ಕಕ್ಕೆ ಬರೋದು ಕಮ್ಮಿ. ಮೊದಲ ವರ್ಷ 25 ಸೆಂ.ಮೀ. ಬೆಳೆಯೋ ಮಗು ಮೂರನೇ ವರ್ಷ 8 ಸೆಂ.ಮೀ. ಆಸುಪಾಸು ಬೆಳೆಯುತ್ತೆ. ತಮ್ಮ ಬಂದಿದ್ದಾನೆ, ಮನೆ ಬದಲಾಗಿದೆ, ಅಮ್ಮನ ಪಕ್ಕ ಜಾಗ ಹೋಗಿದೆ. ಅವಳಿಗೆ ಅದು ಸಣ್ಣದಲ್ಲ. ಮಲಗೋ ಮುಂಚೆ 20 ನಿಮಿಷ ನೀವು ಅವಳಿಗೆ ಮಾತ್ರ ಸಿಗಿ, ಆ ಹೊತ್ತು ಪಾಪು ಅಜ್ಜಿ ಕೈಯಲ್ಲಿರಲಿ. ಮಧ್ಯಾಹ್ನದ ನಿದ್ದೆ 3ಕ್ಕೆ ಮುಗಿಯಲಿ, ರಾತ್ರಿ ಊಟಕ್ಕೆ ಮುಂಚೆಯೇ ಮೊಬೈಲ್ ತೆಗೆದಿಡಿ. ರಾತ್ರಿ ಗುದದ ಹತ್ತಿರ ತುರಿಸಿಕೊಂಡರೆ ಹೊಟ್ಟೆಹುಳ, ಗೊರಕೆ ಹೊಡೆದು ಬಾಯಲ್ಲಿ ಉಸಿರಾಡಿದರೆ ಅಡಿನಾಯ್ಡ್ (ಮೂಗಿನ ಹಿಂದಿನ ಗಂಟು) ದೊಡ್ಡದಾಗಿರೋದು, ಬಿಳಿಚಿಕೊಂಡು ಕಾಲು ಒದರುತ್ತಿದ್ದರೆ ರಕ್ತಹೀನತೆ ಇದೆಯಾ ನೋಡಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನವರಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಸರ್ಕಾರದಿಂದಲೇ ಸಿಗುತ್ತೆ. ಆಶಾ ಕಾರ್ಯಕರ್ತೆ ಹತ್ತಿರ ಕೇಳಿ.

ಪಾಪುಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ, ಎದೆ ಹಿಡಿಯದಿರೋದು, ಎಬ್ಬಿಸಿದರೂ ಏಳದಿರೋದು, ಉಸಿರಾಡುವಾಗ ಪಕ್ಕೆ ಒಳಗೆ ಹೋಗೋದು, ಲಂಗೋಟಿ ಲೆಕ್ಕ ಇಳಿಯೋದು, ಇದರಲ್ಲಿ ಒಂದಿದ್ದರೂ ರಾತ್ರಿಯಾದರೂ ಸರಿ, ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಹೊರಡಿ. 3 ತಿಂಗಳೊಳಗಿನ ಜ್ವರಕ್ಕೆ ಮನೆಯಲ್ಲಿ ಕಾಯೋದು ಬೇಡ.

ಆಹಾರ ತಜ್ಞೆ, ಮೈಸೂರು:
ಮುಂದಕ್ಕೆ ಒಂದು ಮಾತು. 3 ತಿಂಗಳಲ್ಲಿ ಮತ್ತೆ ಹೀಗಾದಾಗ 'ರಾಗಿ ಸರಿ ತಿನ್ನಿಸು, ರಾತ್ರಿ ಮಲಗುತ್ತೆ' ಅಂತಾರೆ. 6 ತಿಂಗಳು ತುಂಬುವವರೆಗೆ ನೀರೂ ಬೇಡ. ತುಂಬಿದ ಮೇಲೆ 2–3 ಚಮಚದಿಂದ ಶುರು ಮಾಡಿ, ಅದೂ ಬೆಳಗಿನ ಹೊತ್ತು, ಹೊಟ್ಟೆಗೆ ಒಗ್ಗದಿದ್ದರೆ ಹಗಲಲ್ಲೇ ಗೊತ್ತಾಗಲಿ. ಮೊಳಕೆ ರಾಗಿ ಹಿಟ್ಟು 1 ಚಮಚ ತಣ್ಣೀರಲ್ಲಿ ಕದಡಿ, ಸ್ವಲ್ಪ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹೊಳಪು ಬರೋವರೆಗೆ ಬೇಯಿಸಿ. ಚಮಚ ವಾಲಿಸಿದರೆ ಬೇಗ ಬೀಳದಷ್ಟು ಗಟ್ಟಿ ಇರಬೇಕು. ನೀರಾದರೆ ಹೊಟ್ಟೆ ತುಂಬುತ್ತೆ, ಶಕ್ತಿ ಸಿಗಲ್ಲ.