ಪಾರ್ಟಿಷನ್‌ಗೆ ‘ಹಿಸ್ಸೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಶಿಡ್ಲಘಟ್ಟದಲ್ಲಿರುವ ನಮ್ಮ ಚಿಕ್ಕಪ್ಪ ಜಮೀನು ಸರ್ವೆ ಮಾಡುವವರು. ಅವರ ಹಳೇ ಲ್ಯಾಪ್‌ಟಾಪಿನಲ್ಲಿ ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಮೊನ್ನೆ ಜಾಗ ಸಾಲದು ಅಂತ ಒಂದು ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡಿದಾಗ ಸಿಗುವ ಒಂದು ತುಂಡು) ಅಳಿಸಿದರು. ಮಾರನೇ ದಿನ ಆನ್ ಮಾಡಿದರೆ ಕಪ್ಪು ಪರದೆ, ‘ನೋ ಸಚ್ ಪಾರ್ಟಿಷನ್’, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಗ್ರಬ್ ಅಂದರೆ ಆನ್ ಮಾಡಿದಾಗ ಉಬುಂಟುವನ್ನು ಹುಡುಕಿ ಎಬ್ಬಿಸುವ ಪುಟ್ಟ ಪ್ರೋಗ್ರಾಂ.

ನಾನು ಚಿಂತಾಮಣಿಯಿಂದ ಫೋನಿನಲ್ಲಿ ವಿವರಿಸಲು ಹೊರಟೆ. ‘ವಿಭಾಗ’ ಅಂದೆ. “ಯಾವ ಆಫೀಸಿನ ವಿಭಾಗ ಕಣಪ್ಪಾ?” ಅಂದರು. ರಿಪೇರಿ ಅಂಗಡಿಯವರ ಹಾಗೆ ‘ಡ್ರೈವ್’ ಅನ್ನೋಣ ಅಂದರೆ ಲಿನಕ್ಸಿನಲ್ಲಿ ಸಿ, ಡಿ ಇಲ್ಲ. ಇಡೀ ಡಿಸ್ಕು ಎಸ್‌ಡಿಎ, ಅದರ ತುಂಡುಗಳು ಎಸ್‌ಡಿಎ1, ಎಸ್‌ಡಿಎ2. ಕೊನೆಗೆ ಪಹಣಿಯ ಮಾತೇ ಬಾಯಿಗೆ ಬಂತು.

“ಡಿಸ್ಕು ಒಂದು ಸರ್ವೆ ನಂಬರ್ ಅಂದ್ಕೊಳಿ ಚಿಕ್ಕಪ್ಪ. ಒಳಗಿರೋವು ಹಿಸ್ಸೆಗಳು. ನೀವು 5 ತೆಗೆದ್ರಿ, 6 ಇದ್ದದ್ದು 5 ಆಯ್ತು.”

“ಅಂದ್ರೆ ಹಳೇ ಹಿಸ್ಸಾ ನಂಬರ್ ಹಿಡ್ಕೊಂಡು ಹುಡುಕ್ತಾ ಇದೆ ಅನ್ನು!”

ಗ್ರಬ್ ಮಾಡುತ್ತಿದ್ದದ್ದು ಅದನ್ನೇ. ಎಂಬಿಆರ್ ಅನ್ನುವ ಹಳೇ ಹಂಚಿಕೆ ಪದ್ಧತಿಯ ಡಿಸ್ಕಿನಲ್ಲಿ ಪ್ರೈಮರಿ (ಮುಖ್ಯ) ಹಿಸ್ಸೆ ಹೆಚ್ಚೆಂದರೆ 4. ಅದರಲ್ಲೊಂದರ ಒಳಗೆ ಮತ್ತೆ ಒಡೆದು ಮಾಡುವ ಲಾಜಿಕಲ್ ಹಿಸ್ಸೆಗಳ ಎಣಿಕೆ 5ರಿಂದ ಶುರು. ಇವುಗಳಲ್ಲಿ ಒಂದು ಹೋದರೆ ಮುಂದಿನವುಗಳ ನಂಬರ್ ಹಿಂದಕ್ಕೆ ಸರಿಯುತ್ತದೆ. (“ನಮ್ಮಲ್ಲಿ ಹಿಂಗೆಲ್ಲಾ ಸರಿಸಿದ್ರೆ ಕೋರ್ಟಿಗೆ ಹೋಗ್ತಾರೆ” ಅಂದರು.) ಗ್ರಬ್ಬಿನಲ್ಲಿ ‘ಎಲ್‌ಎಸ್’ ಅನ್ನುವ ಕಮಾಂಡ್ ಹೊಡೆದು ಹೊಸ ನಂಬರ್ ಹುಡುಕಿದೆವು. ಎಲ್ಲಿ ಹುಡುಕಬೇಕು ಅಂತ ಗ್ರಬ್‌ಗೆ ಹೇಳುವ ರೂಟ್, ಪ್ರಿಫಿಕ್ಸ್ ತಿದ್ದಿ ‘ಇನ್ಸ್‌ಮಾಡ್ ನಾರ್ಮಲ್’, ‘ನಾರ್ಮಲ್’ ಅಂತ ಕೊಟ್ಟ ಮೇಲೆ ಮೆನು ಬಂತು. ಉಬುಂಟು ಒಳಗೆ ಹೋಗಿ ಗ್ರಬ್ಬನ್ನು ಮತ್ತೆ ಹಾಕಿದ್ದಾಯಿತು.

ಅವತ್ತಿನಿಂದ ‘ಹಿಸ್ಸೆ’ ತಲೆಯಲ್ಲೇ ಕೂತಿದೆ. ಪಾರ್ಟಿಷನ್ ಟೇಬಲ್‌ಗೆ (ಯಾವ ತುಂಡು ಎಲ್ಲಿಂದ ಎಲ್ಲಿಗೆ ಅಂತ ಡಿಸ್ಕಿನಲ್ಲೇ ಬರೆದಿಟ್ಟ ಪಟ್ಟಿಗೆ) ‘ಹಿಸ್ಸೆಪಟ್ಟಿ’ ಅಂದರೆ ಇನ್ನೊಂದು ಲಾಭವೂ ಇದೆ. ಪಟ್ಟಿಯಿಂದ ನಂಬರ್ ಅಳಿಸಿದರೂ ನೆಲ ಎಲ್ಲೂ ಹೋಗುವುದಿಲ್ಲ, ಅಲ್ವಾ? ಅಳಿಸಿದ ಪಾರ್ಟಿಷನ್ನಿನ ಫೈಲುಗಳೂ ಹಾಗೇ, ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಅಲ್ಲೇ ಇರುತ್ತವೆ. ‘ಪಾಲು’ ಇನ್ನೂ ಸರಳ ಅನ್ನಬಹುದು. ಆದರೆ ಪಾಲು ಅಂದ ಕೂಡಲೇ ‘ಯಾರ ಪಾಲು’ ಅನ್ನಿಸುತ್ತದೆ. ಹಿಸ್ಸೆಗೆ ಒಂದು ನಂಬರ್ ಇದ್ದರೆ ಸಾಕು.

ಪಾರ್ಟಿಷನ್ ಮಾಡುವುದಕ್ಕೆ ‘ಪೋಡಿ ಮಾಡು’ ಅನ್ನುವ ಆಸೆಯೂ ಇದೆ. ನಮ್ಮ ಕಡೆ ಜಮೀನು ಬಿಡಿಸುವುದಕ್ಕೆ ಅದೇ ಮಾತು. ಕರಾವಳಿಯವರಿಗೆ ಮಾತ್ರ ಪೋಡಿ ಅಂದರೆ ಬಜ್ಜಿ. ‘ಡಿಸ್ಕನ್ನು ಪೋಡಿ ಮಾಡಿ’ ಅಂತ ಬರೆದರೆ ಅಲ್ಲಿಯವರು ಎಣ್ಣೆ ಕಾಯಿಸುತ್ತಾರೇನೋ! ಧಾರವಾಡ, ಬೀದರ್ ಕಡೆ ಜಮೀನನ್ನು ಹೀಗೆ ಹಿಸ್ಸೆ ಮಾಡಿ ಬಿಡಿಸುವುದಕ್ಕೆ ಏನಂತೀರಿ?